ಗೆದ್ದೆತ್ತಿನ ಬಾಲ

ಹಳೆಯ ಪರ್ಷಿಯನ್ನರು ಯಾವ ದೊಡ್ಡ ವಿಷಯವನ್ನಾದರೂ ಮೊದಲು ಕುಡಿದು ಚರ್ಚಿಸುತ್ತಿದ್ದರಂತೆ. ಯುದ್ಧವಿರಲಿ, ಸಂಧಿಯಿರಲಿ, ರಾತ್ರಿ ಬಟ್ಟಲು ಸುತ್ತು ಬರುತ್ತಿರುವಾಗಲೇ ತೀರ್ಮಾನ. ಮರುದಿನ ಬೆಳಿಗ್ಗೆ, ಯಾರ ಮನೆಯಲ್ಲಿ ಸೇರಿದ್ದರೋ ಆ ಮನೆಯ ಯಜಮಾನ ರಾತ್ರಿಯ ಮಾತನ್ನು ಮತ್ತೆ ಎಲ್ಲರ ಮುಂದಿಡಬೇಕು. ಅಮಲಿಳಿದ ತಲೆಗೂ ಅದು ಹಿಡಿಸಿದರೆ ಜಾರಿಗೆ ಬಂತು. ಇಲ್ಲದಿದ್ದರೆ ಅಲ್ಲಿಗೇ ಬಿಟ್ಟರು. ಅಕಸ್ಮಾತ್ ಮೊದಲ ಚರ್ಚೆ ಎಚ್ಚರದಲ್ಲಿಯೇ ನಡೆದುಹೋಗಿದ್ದರೆ ಆ ಲೋಪ ಸರಿಪಡಿಸಲು ಕುಡಿದು ಇನ್ನೊಮ್ಮೆ ಕೂರುತ್ತಿದ್ದರು. ಇದನ್ನು ಬರೆದಿಟ್ಟವನು ಕ್ರಿ.ಪೂ. 5ನೆಯ ಶತಮಾನದ ಇತಿಹಾಸಕಾರ ಹೆರೊಡೊಟಸ್. ಅಂದಿನಿಂದ ಇಂದಿನವರೆಗೆ ಇದಕ್ಕಿಂತ ಒಳ್ಳೆಯ ಸಭಾ ನಿಯಮಾವಳಿಯನ್ನು ಯಾರೂ ಮಾಡಿದ್ದನ್ನು ನಾನು ಕಾಣೆ. ನಮ್ಮ ಕಾಲದ ಚರ್ಚೆಗಳಲ್ಲಿ ಮೊದಲ ಸುತ್ತು ಭರ್ಜರಿಯಾಗಿ ನಡೆಯುತ್ತದೆ, ಎರಡನೆಯ ಸುತ್ತಿಗೆ ಯಾರೂ ಬರುವುದಿಲ್ಲ.

ಹಾಗೆ ಮೊದಲ ಸುತ್ತಿನಲ್ಲೇ ನಿಂತುಹೋದ ವಾದಗಳಲ್ಲಿ ಬಲು ಹಳೆಯದು ಗ್ರೀಕರು, ಮ್ಯಾಸಿಡೋನಿಯನ್ನರು ಮತ್ತು ಪರ್ಷಿಯನ್ನರದು. ಯಾರು ಸುಸಂಸ್ಕೃತರು, ಯಾರು ಬರ್ಬರರು? ಯಾರು ಯಾರನ್ನು ಗೆದ್ದರು? ಅಲೆಕ್ಸಾಂಡರ್ ಯಾರ ಮಗ? ಕಕ್ಷಿದಾರರೆಲ್ಲ ತೀರಿಕೊಂಡು ಇಪ್ಪತ್ತಮೂರು ಶತಮಾನಗಳಾದವು, ವಕೀಲರ ರಕ್ತದೊತ್ತಡ ಮಾತ್ರ ಇನ್ನೂ ಇಳಿದಿಲ್ಲ.

ನಮ್ಮ ಬಳಗದಲ್ಲೂ ಈ ಮೊಕದ್ದಮೆ ಆಗಾಗ ವಿಚಾರಣೆಗೆ ಬರುತ್ತದೆ. ಗ್ರೀಕರ ಪರ ನಿಲ್ಲುವವರು ಇತಿಹಾಸ ಪಾಠ ಹೇಳಿ ನಿವೃತ್ತರಾದ ಮೇಷ್ಟ್ರು. ಸಾಕ್ರಟೀಸನ ಹೆಸರೆತ್ತಿದರೆ ಅವರ ದನಿ ತಾನಾಗಿ ತಗ್ಗುತ್ತದೆ. ಪರ್ಷಿಯನ್ನರ ಪರ, ಜೀವಮಾನವೆಲ್ಲ ಬೇರೆಯವರ ವೋಚರುಗಳಲ್ಲಿ ತಪ್ಪು ಹುಡುಕಿದ ಆಡಿಟರು. ಇಬ್ಬರೂ ತಮಗೆ ಬೇಕಾದ್ದನ್ನು ಆರಿಸಿಕೊಂಡ ಮೇಲೆ ಉಳಿದದ್ದು ಮ್ಯಾಸಿಡೋನಿಯ. ಅದು ನನ್ನ ಪಾಲಿಗೆ ಬಂತು. ಕಕ್ಷಿದಾರ ಸ್ವಲ್ಪ ಒರಟ, ಕುಡಿತ ಜಾಸ್ತಿ, ಮುಂಗೋಪಿ. ಆದರೇನು, ಕೊನೆಯಲ್ಲಿ ಎಲ್ಲರನ್ನೂ ಸೋಲಿಸಿದವನು ಅವನೇ ಆದ್ದರಿಂದ ವಕಾಲತ್ತಿಗೆ ಅಷ್ಟೇನೂ ಕಷ್ಟವಿಲ್ಲ.

ನನ್ನ ಕಕ್ಷಿದಾರನ ಕುಲಗೋತ್ರದ ಪ್ರಶ್ನೆ ಅಲೆಕ್ಸಾಂಡರನಿಗಿಂತ ಮೊದಲೇ ಎದ್ದಿತ್ತು. ಅವನ ವಂಶದಲ್ಲಿ ಅದೇ ಹೆಸರಿನ ಹಿರಿಯನೊಬ್ಬ, ಮೊದಲನೆಯ ಅಲೆಕ್ಸಾಂಡರ್, ಒಲಿಂಪಿಕ್ ಕ್ರೀಡೆಯಲ್ಲಿ ಓಡಲು ಬಂದ. ಜೊತೆಗೆ ಓಡಬೇಕಾದವರು, ಇದು ಗ್ರೀಕರಿಗೆ ಮಾತ್ರ ಮೀಸಲಾದ ಪಂದ್ಯ, ಬರ್ಬರರಿಗೆ ಜಾಗವಿಲ್ಲ ಎಂದು ತಕರಾರು ತೆಗೆದರು. ಆತ ತನ್ನ ಮನೆತನ ಆರ್ಗೋಸ್ ಊರಿನಿಂದ ಬಂದದ್ದೆಂದು ಸಾಬೀತು ಮಾಡಿದ, ಪಂಚರು ಒಪ್ಪಿದರು, ಓಡಿದ, ಮೊದಲ ಸ್ಥಾನಕ್ಕೆ ಸಮನಾಗಿ ಬಂದ. ಗಮನಿಸಬೇಕಾದ್ದು ಏನೆಂದರೆ, ಗ್ರೀಕನೆಂದು ಒಪ್ಪಿಗೆಯಾದದ್ದು ರಾಜನ ಮನೆತನ ಮಾತ್ರ. ಪ್ರಜೆಗಳ ವಿಚಾರ ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

ಇದೇ ಮಹಾಶಯ ತಂಗಿಯನ್ನು ಪರ್ಷಿಯದ ಅಧಿಕಾರಿಯೊಬ್ಬನಿಗೆ ಮದುವೆ ಮಾಡಿಕೊಟ್ಟಿದ್ದ. ಕ್ರಿ.ಪೂ. 479ರಲ್ಲಿ ಪರ್ಷಿಯನ್ ಸೇನಾಪತಿಯ ರಾಯಭಾರಿಯಾಗಿ ಅಥೆನ್ಸಿಗೆ ಹೋಗಿ, ಸುಮ್ಮನೆ ಶರಣಾಗಿ, ನಿಮ್ಮ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ ಎಂದು ಬುದ್ಧಿವಾದ ಹೇಳಿಬಂದ. ಅದೇ ವರ್ಷ ಪ್ಲಟೀಯ ಯುದ್ಧಕ್ಕೆ ಮುಂಚೆ, ನಡುರಾತ್ರಿ ಒಬ್ಬನೇ ಕುದುರೆ ಹತ್ತಿ ಗ್ರೀಕರ ಪಾಳೆಯಕ್ಕೆ ಬಂದು, ಬೆಳಗಾದರೆ ಪರ್ಷಿಯನ್ನರು ಮೇಲೆ ಬೀಳುತ್ತಾರೆ, ಹುಷಾರು, ನಾನೂ ನಿಮ್ಮವನೇ ಎಂದು ಪಿಸುಗುಟ್ಟಿ ಹೋದ. ಎರಡು ದೋಣಿಯಲ್ಲಿ ಕಾಲಿಟ್ಟವರು ನೀರಿಗೆ ಬೀಳುತ್ತಾರೆ ಎನ್ನುವುದುಂಟು. ಈತ ಬೀಳಲಿಲ್ಲ. ಎರಡೂ ದೋಣಿ ದಡ ಸೇರುವವರೆಗೆ ನಿಂತೇ ಇದ್ದ. ಚಿಕ್ಕ ರಾಜ್ಯದ ರಾಜನಿಗೆ ಇದಕ್ಕಿಂತ ದೊಡ್ಡ ರಾಜನೀತಿ ಯಾವುದಿದೆ?

“ಅದಕ್ಕೇ ಹೇಳೋದು, ನಂಬಿಕಸ್ಥ ಜನ ಅಲ್ಲ” ಎನ್ನುತ್ತಾರೆ ಮೇಷ್ಟ್ರು. ಅಥೆನ್ಸಿನ ಡೆಮೊಸ್ತನೀಸನ ಧಾಟಿಯೂ ಇದೇ. ಅಲೆಕ್ಸಾಂಡರನ ತಂದೆ ಫಿಲಿಪ್ಪನ ಮೇಲೆ ಆತ ಮಾಡಿದ ಭಾಷಣಗಳು ಇಂದಿಗೂ ಪ್ರಸಿದ್ಧ. ಕ್ರಿ.ಪೂ. 341ರ ಭಾಷಣದಲ್ಲಂತೂ, ಫಿಲಿಪ್ ಗ್ರೀಕನಲ್ಲ, ಗ್ರೀಕರ ನೆಂಟನಲ್ಲ, ಹೋಗಲಿ ಮರ್ಯಾದಸ್ಥ ಊರಿನ ಬರ್ಬರನೂ ಅಲ್ಲ, ಅವನ ದೇಶದಿಂದ ಒಬ್ಬ ನೆಟ್ಟಗಿನ ಗುಲಾಮನನ್ನೂ ಕೊಳ್ಳುವಂತಿರಲಿಲ್ಲ ಎಂಬ ಅರ್ಥ ಬರುವಂತೆ ಝಾಡಿಸಿದ. ಬರ್ಬರರಲ್ಲೂ ಮರ್ಯಾದಸ್ಥರು, ಮರ್ಯಾದೆಗೆಟ್ಟವರು ಎಂಬ ಪಂಕ್ತಿಭೇದ ಮಾಡಿದ ಈ ಬೈಗುಳ ನನಗೆ ಬಲು ಇಷ್ಟ. ಇದಕ್ಕೆ ಐದು ವರ್ಷ ಮೊದಲು ಅದೇ ಅಥೆನ್ಸಿನಲ್ಲಿ, ತೊಂಬತ್ತು ವರ್ಷದ ಐಸೊಕ್ರಟೀಸ್ ಅದೇ ಫಿಲಿಪ್ಪನಿಗೆ ದೀರ್ಘ ಪತ್ರವೊಂದನ್ನು ಬರೆದು, ನೀನು ಹೆರಾಕ್ಲೀಸನ ವಂಶದವನು, ಗ್ರೀಕರನ್ನೆಲ್ಲ ಒಂದುಗೂಡಿಸಿ ಪರ್ಷಿಯದ ಮೇಲೆ ದಂಡೆತ್ತಿ ಹೋಗು ಎಂದು ಬೇಡಿಕೊಂಡಿದ್ದ. ಊರು ಒಂದೇ, ರಾಜ ಒಬ್ಬನೇ. ಅವನಿಂದ ಕೆಲಸ ಆಗಬೇಕಾಗಿದ್ದ ಮುದುಕನಿಗೆ ಆತ ಹೆರಾಕ್ಲೀಸನ ಮೊಮ್ಮಗ. ಅವನಿಂದ ಕುತ್ತಿಗೆಗೆ ಬಂದಿದ್ದ ವಾಗ್ಮಿಗೆ ಗುಲಾಮರ ಸಂತೆಯಲ್ಲೂ ಮಾರಾಟವಾಗದ ಸರಕು. ಡೆಮೊಸ್ತನೀಸನಿಗೆ ಪರ್ಷಿಯದ ದುಡ್ಡು ಸಂದಾಯವಾಗುತ್ತಿತ್ತು, ಅದರ ಕಾಗದಪತ್ರ ಮುಂದೆ ಸಾರ್ಡಿಸ್ ನಗರದಲ್ಲಿ ಅಲೆಕ್ಸಾಂಡರನ ಕೈಗೆ ಸಿಕ್ಕಿತು ಎಂದು ಜೀವನಚರಿತ್ರೆಕಾರ ಪ್ಲೂಟಾರ್ಕ್ ಬರೆಯುತ್ತಾನೆ. ಈ ಮಾತು ಬಂದಾಗ ಮೇಷ್ಟ್ರಿಗೆ ಕೆಮ್ಮು ಬರುತ್ತದೆ.

ಮ್ಯಾಸಿಡೋನಿಯದ ಸಾಮಾನ್ಯ ಜನ ಏನು ಮಾತಾಡುತ್ತಿದ್ದರು ಎಂಬ ಜಗಳದಲ್ಲಿ ಪಂಡಿತರು ಕಪಾಟುಗಟ್ಟಲೆ ಬರೆದಿದ್ದಾರೆ. ನಾನು ಕರೆಯುವ ಸಾಕ್ಷಿ ಒಬ್ಬ ಹೆಂಗಸು. 1986ರಲ್ಲಿ ಪೆಲ್ಲ ಎಂಬಲ್ಲಿ, ಅಂದರೆ ಮ್ಯಾಸಿಡೋನಿಯದ ರಾಜಧಾನಿಯಾಗಿದ್ದ ಊರಿನಲ್ಲಿ, ಒಂದು ಗೋರಿಯೊಳಗೆ ಸುರುಳಿ ಸುತ್ತಿದ ಸೀಸದ ತಗಡು ಸಿಕ್ಕಿತು. ಕ್ರಿ.ಪೂ. 4ನೆಯ ಶತಮಾನದ್ದು. ಬಿಡಿಸಿ ನೋಡಿದರೆ ಮಾಟ! ಡಯೊನೈಸೊಫೋನ್ ಎಂಬುವನಿಗೂ ಥೆಟಿಮ ಎಂಬುವಳಿಗೂ ಮದುವೆಯಾಗಕೂಡದು. ಥೆಟಿಮ ಇರಲಿ, ಬೇರೆ ಯಾವ ಕನ್ಯೆಯಾಗಲಿ ವಿಧವೆಯಾಗಲಿ ಅವನನ್ನು ಕಟ್ಟಿಕೊಳ್ಳಕೂಡದು. ಅವನ ಜೊತೆ ಮುದುಕಿಯಾಗುವವಳು ನಾನೇ ಆಗಬೇಕು. ತಾನು ಈ ತಗಡನ್ನು ಅಗೆದು ತೆಗೆದು, ಬಿಚ್ಚಿ, ಮತ್ತೆ ಓದಿದರೆ ಮಾತ್ರ ಅವರ ಮದುವೆ, ಅಲ್ಲಿಯವರೆಗೆ ಇಲ್ಲ ಎಂದು ಷರತ್ತು ಹಾಕಿ, ಸತ್ತವನೊಬ್ಬನ ಕೈಯಲ್ಲಿ ಅದನ್ನು ಒಪ್ಪಿಸಿದ್ದಾಳೆ. ದೇವತೆಗಳನ್ನು ಕರೆದು, ನನ್ನ ಮೇಲೆ ಕರುಣೆ ಇಡಿ, ನಾನು ದಿಕ್ಕಿಲ್ಲದವಳು ಎಂದು ಗೋಗರೆದಿದ್ದಾಳೆ. ಭಾಷೆ ಗ್ರೀಕ್, ಆದರೆ ಅಥೆನ್ಸಿನ ನಾಜೂಕಿನದಲ್ಲ, ವಾಯವ್ಯ ಗ್ರೀಸಿನ ಗುಡ್ಡಗಾಡಿನ ಆಡುಮಾತಿಗೆ ಹತ್ತಿರದ್ದು. ಒಬ್ಬಳು ಹೊಟ್ಟೆ ಉರಿದುಕೊಂಡು ಗುಟ್ಟಾಗಿ ಗೋರಿಯಲ್ಲಿ ಹೂತಿಟ್ಟದ್ದು ಇಪ್ಪತ್ತನೆಯ ಶತಮಾನದ ರಾಷ್ಟ್ರವಾದಿಗಳ ಕೈಗೆ ಸಿಕ್ಕಿ ಪುರಾವೆಯಾಯಿತು. ಪಾಪ, ಅವಳ ಮದುವೆ ಏನಾಯಿತೋ. ಒಂದು ಗೋರಿಯ ಒಂದು ತಗಡಿನಿಂದ ಇಡೀ ಜನಾಂಗದ ಭಾಷೆ ಹೇಳಲಾಗದು ಎಂದು ಎದುರು ಪಕ್ಷ ತಗಾದೆ ತೆಗೆಯುತ್ತದೆ. ತೆಗೆಯಲಿ. ನಾನು ಆ ಹೆಂಗಸನ್ನು ನಂಬುತ್ತೇನೆ. ಮಾಟ ಮಾಡಿಸುವವರು ಬೇರೆಯವರ ಭಾಷೆಯಲ್ಲಿ ಮಾಡಿಸುವುದಿಲ್ಲ.

ನನ್ನ ಕಕ್ಷಿದಾರನನ್ನು ಗ್ರೀಕರ ಪಂಕ್ತಿಯಿಂದ ಎಬ್ಬಿಸಿದ್ದು ಮಾತಿಗಿಂತ ಹೆಚ್ಚಾಗಿ ಊಟದ ರೀತಿ. ಗ್ರೀಕರು ದ್ರಾಕ್ಷಾರಸಕ್ಕೆ ನೀರು ಬೆರೆಸಿಯೇ ಕುಡಿಯುತ್ತಿದ್ದರು. ಬೆರೆಸದೆ ಕುಡಿಯುವವನು ಬರ್ಬರ. ಮ್ಯಾಸಿಡೋನಿಯನ್ನರು ಬೆರೆಸುತ್ತಿರಲಿಲ್ಲ. ಇನ್ನೊಂದು ಪದ್ಧತಿ ಇತ್ತು: ಬಲೆಯ ಸಹಾಯವಿಲ್ಲದೆ ಒಂದು ಕಾಡುಹಂದಿಯನ್ನು ಈಟಿಯಿಂದ ಕೊಲ್ಲುವವರೆಗೆ ಗಂಡಸು ಔತಣದಲ್ಲಿ ದಿಂಬಿಗೆ ಒರಗಿಕೊಂಡು ಊಟ ಮಾಡುವಂತಿಲ್ಲ, ನೆಟ್ಟಗೆ ಕೂತೇ ಉಣ್ಣಬೇಕು. ಸರದಾರನೊಬ್ಬನ ಮಗ ಕಸ್ಸಾಂಡರ್ ಮೂವತ್ತೈದು ವರ್ಷವಾದರೂ ಅಪ್ಪನ ಪಕ್ಕದಲ್ಲಿ ಕೂತೇ ಉಣ್ಣುತ್ತಿದ್ದನಂತೆ. ಬೇಟೆಯಲ್ಲಿ ಜಾಣನೇ, ಆದರೆ ಹಂದಿಯ ಯೋಗ ಕೂಡಿಬರಲಿಲ್ಲ. ಈ ಕಸ್ಸಾಂಡರನೇ ಮುಂದೆ ಅಲೆಕ್ಸಾಂಡರನ ತಾಯಿ, ಹೆಂಡತಿ, ಮಗ ಮೂವರನ್ನೂ ಕೊಲ್ಲಿಸಿ ಮ್ಯಾಸಿಡೋನಿಯದ ರಾಜನಾದ. ಹಂದಿಯೊಂದು ಹೊತ್ತಿಗೆ ಸರಿಯಾಗಿ ಸಿಕ್ಕಿದ್ದರೆ ಆತನ ಸ್ವಭಾವ ಸ್ವಲ್ಪ ಮೆತ್ತಗಾಗುತ್ತಿತ್ತೇನೋ ಎಂದು ನನ್ನ ಗುಮಾನಿ.

ಕುಡಿತದ ಬಗ್ಗೆ ಒಂದು ಮಾತು ಹೇಳಲೇಬೇಕು, ಅದರಲ್ಲಿ ನಮ್ಮ ದೇಶದವನೊಬ್ಬನ ಸಂಬಂಧವಿದೆ. ತಕ್ಷಶಿಲೆಯಿಂದ ಅಲೆಕ್ಸಾಂಡರನ ಜೊತೆ ಹೊರಟ ಕಲನೋಸ್ ಎಂಬ ಸನ್ಯಾಸಿ ಪರ್ಷಿಯದಲ್ಲಿ ಕಾಯಿಲೆ ಬಿದ್ದು, ತಾನೇ ಚಿತೆ ಏರಿ ಕುಳಿತ. ಅಲುಗಾಡದೆ ಬೆಂದುಹೋದ ಅವನನ್ನು ಕಂಡು ಸೈನ್ಯ ದಂಗಾಯಿತು. ಅವನ ಗೌರವಾರ್ಥವಾಗಿ ಅಲೆಕ್ಸಾಂಡರ್ ಏರ್ಪಡಿಸಿದ್ದೇನು? ಕುಡಿಯುವ ಸ್ಪರ್ಧೆ! ಪ್ರೊಮಾಕಸ್ ಎಂಬುವನು ಸುಮಾರು 13 ಲೀಟರ್ ನೀರು ಬೆರೆಸದ ದ್ರಾಕ್ಷಾರಸ ಕುಡಿದು ಮೊದಲ ಬಹುಮಾನ ಗೆದ್ದ, ಮೂರು ದಿನ ಬದುಕಿದ. ಮಿಕ್ಕ ಸ್ಪರ್ಧಿಗಳಲ್ಲಿ 41 ಮಂದಿ ಸತ್ತರು. ಒಬ್ಬ ವಿರಕ್ತನ ಉತ್ತರಕ್ರಿಯೆ ಇಷ್ಟು ವಿಚಿತ್ರವಾಗಿ ಇನ್ನೆಲ್ಲೂ ನಡೆದಿರಲಾರದು. ಈ ಘಟನೆಯನ್ನು ಎತ್ತಿದಾಗಲೆಲ್ಲ ನನ್ನ ವಕಾಲತ್ತು ಸೊರಗುತ್ತದೆ.

ಪರ್ಷಿಯನ್ನರ ಎಲೆಯ ವಿಷಯ ಬೇರೆ. ಅವರು ಮುಖ್ಯ ಊಟ ಕಡಿಮೆ ಮಾಡಿ, ಊಟದ ನಂತರದ ತಿನಿಸುಗಳನ್ನು ಒಂದಾದ ಮೇಲೊಂದರಂತೆ ತರಿಸಿಕೊಳ್ಳುತ್ತಿದ್ದರು. ಗ್ರೀಕರು ಅರ್ಧ ಹೊಟ್ಟೆಯಲ್ಲಿ ಏಳುತ್ತಾರೆ, ಏಕೆಂದರೆ ಊಟವಾದ ಮೇಲೆ ಅವರ ಮನೆಗಳಲ್ಲಿ ಬಾಯಿಗಿಡುವಂಥದ್ದು ಏನೂ ಬರುವುದಿಲ್ಲ ಎಂದು ಪರ್ಷಿಯನ್ನರ ಅಭಿಪ್ರಾಯ. ಎಷ್ಟು ನಿಜ! ಸಿಹಿ ಬಡಿಸದ ಮನೆಯ ತತ್ವಜ್ಞಾನ ಎಷ್ಟಿದ್ದರೇನು? ಹುಟ್ಟುಹಬ್ಬವೇ ಪರ್ಷಿಯನ್ನರಿಗೆ ವರ್ಷದ ದೊಡ್ಡ ಹಬ್ಬ. ಸುಳ್ಳು ಹೇಳುವುದು ಎಲ್ಲಕ್ಕಿಂತ ನಾಚಿಕೆಗೇಡು, ಅದರ ನಂತರ ಸಾಲ ಮಾಡುವುದು. ಯಾಕೆಂದರೆ ಸಾಲಗಾರ ಸುಳ್ಳು ಹೇಳದೆ ವಿಧಿಯಿಲ್ಲ. ಇದನ್ನು ಹೇಳುವಾಗ ಆಡಿಟರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾರೆ.

ಇಷ್ಟೆಲ್ಲ ಹೊಗಳಿಕೆಯನ್ನು ಬರೆದವನು ಗ್ರೀಕನೇ ಎಂಬುದು ಮೇಷ್ಟ್ರ ಹೆಮ್ಮೆ. ಹೆರೊಡೊಟಸ್ ಹುಟ್ಟಿದ ಹಾಲಿಕಾರ್ನಾಸಸ್ ಆಗ ಪರ್ಷಿಯದ ಅಧೀನದಲ್ಲಿತ್ತು. ಆ ಊರಿನ ರಾಣಿ ಆರ್ಟಿಮೀಸಿಯ ಸಲಾಮಿಸ್ ನೌಕಾಯುದ್ಧದಲ್ಲಿ ಹೋರಾಡಿದ್ದು ಪರ್ಷಿಯದ ಪರವಾಗಿ. ಹೀಗಾಗಿ ಅವನಿಗೆ ಎರಡು ಕಡೆಯ ಮನೆಯ ಒಳಗೂ ಗೊತ್ತು. ಐನೂರು ವರ್ಷಗಳ ಮೇಲೆ ಪ್ಲೂಟಾರ್ಕ್ ಇದಕ್ಕೇ ಸಿಟ್ಟಾಗಿ, ಇವನು ಬರ್ಬರರ ಪ್ರೇಮಿ ಎಂದು ಬೈದು, ಹೆರೊಡೊಟಸನ ದುರ್ಬುದ್ಧಿಯ ಮೇಲೆ ಪ್ರಬಂಧವನ್ನೇ ಬರೆದ. ಎದುರು ಪಕ್ಷದ ಬಗ್ಗೆ ಒಂದು ಒಳ್ಳೆಯ ಮಾತಾಡಿದರೆ ದ್ರೋಹಿ ಎನಿಸಿಕೊಳ್ಳುವುದು ಹೊಸ ರೂಢಿಯೇನಲ್ಲ.

“ಸರಿ, ಆದರೆ ಸ್ವಾತಂತ್ರ್ಯ, ಪ್ರಜಾಪ್ರಭುತ್ವ?” ಎಂದು ಮೇಷ್ಟ್ರು ತಮ್ಮ ಬ್ರಹ್ಮಾಸ್ತ್ರ ತೆಗೆಯುತ್ತಾರೆ.

“ಮೇಷ್ಟ್ರೇ, ನಿಮ್ಮ ಹೆರೊಡೊಟಸನ ಪುಸ್ತಕದಲ್ಲಿ ಪ್ರಜೆಗಳ ಕೈಗೇ ಅಧಿಕಾರ ಕೊಡೋಣ ಅಂತ ಭಾಷಣ ಮಾಡಿದವನು ಯಾರು? ನಮ್ಮ ಓಟನೀಸ್. ಪರ್ಷಿಯನ್!”

ಅದೂ ಹೌದು. ಕ್ರಿ.ಪೂ. 522ರಲ್ಲಿ ಸಿಂಹಾಸನ ಕಬಳಿಸಿದ್ದವನನ್ನು ಕೊಂದ ಏಳು ಮಂದಿ ಸರದಾರರು, ಮುಂದೆ ಯಾವ ಬಗೆಯ ಆಡಳಿತವಿರಬೇಕೆಂದು ಚರ್ಚೆಗೆ ಕೂತರಂತೆ. ಓಟನೀಸ್ ಎಲ್ಲ ಜನರ ಆಡಳಿತ ಬೇಕೆಂದ, ಮೆಗಬೈಜಸ್ ಕೆಲವೇ ಯೋಗ್ಯರ ಆಡಳಿತ ಎಂದ, ಡೇರಿಯಸ್ ಒಬ್ಬನೇ ರಾಜ ಎಂದ. ಉಳಿದ ನಾಲ್ವರೂ ಡೇರಿಯಸನ ಕಡೆ ಕೈಯೆತ್ತಿದರು. ಓಟನೀಸ್, ನಾನು ಆಳುವುದೂ ಇಲ್ಲ, ಆಳಿಸಿಕೊಳ್ಳುವುದೂ ಇಲ್ಲ ಎಂದು ಎದ್ದುಹೋದ. ಇಷ್ಟು ಘನವಾದ ತತ್ವಚರ್ಚೆಯಾದ ಮೇಲೆ ರಾಜ ಯಾರೆಂಬುದನ್ನು ತೀರ್ಮಾನಿಸಿದ್ದು ಹೇಗೆ? ಸೂರ್ಯೋದಯದ ಹೊತ್ತಿಗೆ ಯಾರ ಕುದುರೆ ಮೊದಲು ಕೆನೆಯುತ್ತದೋ ಅವನೇ ರಾಜ! ಡೇರಿಯಸನ ಕುದುರೆಯಾಳು ಹಿಂದಿನ ರಾತ್ರಿಯೇ ಹೆಣ್ಣು ಕುದುರೆಯೊಂದರ ಸಹಾಯ ಪಡೆದು ಅದರ ವ್ಯವಸ್ಥೆ ಮಾಡಿದ್ದ. ಆ ಚರ್ಚೆ ನಿಜವಾಗಿ ನಡೆಯಿತೆಂದು ಹೆರೊಡೊಟಸ್ ಒತ್ತಿ ಹೇಳುತ್ತಾನೆ. ಗ್ರೀಕರಲ್ಲಿ ನಂಬದವರಿದ್ದಾರೆಂದೂ ಸೇರಿಸುತ್ತಾನೆ. ನನಗೇನೋ ಕುದುರೆಯ ಭಾಗ ಹೆಚ್ಚು ನಂಬಿಕೆಗೆ ಅರ್ಹವೆನಿಸುತ್ತದೆ.

ಮೇಷ್ಟ್ರು ಒಮ್ಮೊಮ್ಮೆ ನಿಜವಾಗಿಯೂ ಗೆಲ್ಲುವುದುಂಟು. ಅವರು ಈಸ್ಕಿಲಸನ ‘ಪರ್ಷಿಯನ್ನರು’ ನಾಟಕದ ಮಾತೆತ್ತಿದ ದಿನ ನಾವಿಬ್ಬರೂ ಸುಮ್ಮನಾಗುತ್ತೇವೆ. ಮ್ಯಾರಥಾನಿನಲ್ಲಿ ಪರ್ಷಿಯನ್ನರ ವಿರುದ್ಧ ಸ್ವತಃ ಕಾದಾಡಿದ್ದವನು ಈಸ್ಕಿಲಸ್. ಸಲಾಮಿಸ್ ಯುದ್ಧ ಮುಗಿದು ಎಂಟೇ ವರ್ಷ, ಕ್ರಿ.ಪೂ. 472. ಅಥೆನ್ಸನ್ನು ಸುಟ್ಟಿದ್ದ ಕ್ಸರ್ಕ್ಸೀಸ್ ಇನ್ನೂ ಬದುಕಿದ್ದಾನೆ. ನಾಟಕ ನೋಡಲು ಕೂತವರಲ್ಲಿ ಅಣ್ಣತಮ್ಮಂದಿರನ್ನು ಕಳೆದುಕೊಂಡವರು ಎಷ್ಟು ಮಂದಿಯೋ. ರಂಗದ ಮೇಲೆ ಬಂದದ್ದು ಅಥೆನ್ಸಿನ ವಿಜಯೋತ್ಸವವಲ್ಲ. ಶತ್ರುವಿನ ರಾಜಧಾನಿ ಸೂಸ, ಅಲ್ಲಿ ಮಗನ ಸುದ್ದಿಗಾಗಿ ಕಾಯುತ್ತಿರುವ ರಾಜಮಾತೆ, ಸತ್ತವರ ಹೆಸರು ಒಂದೊಂದಾಗಿ ಹೇಳುವ ದೂತ. ಗೆದ್ದವರು ಸೋತವರ ಮನೆಯ ಅಳುವನ್ನು ಕೂತು ಕೇಳಿದರು. ಹೀಗೆ ಕೇಳಿಸಿಕೊಂಡ ಜನ ಚರಿತ್ರೆಯಲ್ಲಿ ವಿರಳ. ಗೆಲುವಿನ ಹೆಮ್ಮೆಯೂ ಅದರೊಳಗೆ ಬೇಕಾದಷ್ಟಿದೆ ಎಂದು ಆಡಿಟರು ಗೊಣಗಿದರೂ ಅಂದಿನ ತೀರ್ಪು ಮೇಷ್ಟ್ರ ಕಡೆಗೇ.

ಆಡಿಟರು ಸೇಡು ತೀರಿಸಿಕೊಳ್ಳುವುದು ಪ್ಯಾಂಟಿನ ಮೂಲಕ. ಕುದುರೆಯ ಮೇಲೆ ಬದುಕುವ ಜನಕ್ಕೆ ಕಾಲು ಮುಚ್ಚುವ ಉಡುಪು ಬೇಕು; ಪರ್ಷಿಯನ್ನರು ಪಾಯಿಜಾಮದಂಥದ್ದನ್ನು ತೊಡುತ್ತಿದ್ದರು. ಗ್ರೀಕರಿಗೆ ಅದನ್ನು ಕಂಡರೆ ನಗು. ಗಂಡಸಾದವನು ಕಾಲನ್ನು ಚೀಲದಲ್ಲಿ ತುಂಬಿಕೊಳ್ಳುವುದೇ? ಅಲೆಕ್ಸಾಂಡರ್ ಪರ್ಷಿಯವನ್ನು ಗೆದ್ದ ಮೇಲೆ ಅಲ್ಲಿನ ರಾಜೋಡುಪು ಹಾಕತೊಡಗಿದ. ಮ್ಯಾಸಿಡೋನಿಯದ ಹಳೆಯ ಸಿಪಾಯಿಗಳು ಮೂಗು ಮುರಿದರು. ಸೊಂಟಪಟ್ಟಿ ಕಟ್ಟಿದ, ನಿಲುವಂಗಿ ತೊಟ್ಟ. ಆದರೆ ಪ್ಯಾಂಟು ಮಾತ್ರ ಹಾಕಲಿಲ್ಲ, ಅದು ತೀರಾ ಬರ್ಬರವಾಯಿತು ಎಂದು ಬಿಟ್ಟ ಎಂಬುದು ಪ್ಲೂಟಾರ್ಕನ ಹೇಳಿಕೆ. ಸಿಂಧೂ ನದಿಯನ್ನೂ ದಾಟಿ ಬಂದವನಿಗೆ ದಾಟಲಾಗದ ಗಡಿ ಅದೊಂದೇ.

“ಈಗ ನೋಡಿ, ಗ್ರೀಸಿನ ಪ್ರಧಾನಿ ಏನು ಹಾಕ್ಕೋತಾರೆ? ನೀವೇನು ಹಾಕ್ಕೊಂಡಿದೀರಿ?” ಎಂದು ಆಡಿಟರು ಮೇಷ್ಟ್ರ ಟೆರಿಕಾಟ್ ಪ್ಯಾಂಟಿನ ಕಡೆ ಬೆರಳು ತೋರಿಸುತ್ತಾರೆ. ಮೇಷ್ಟ್ರು ಮರುದಿನ ಪಂಚೆಯಲ್ಲಿ ಬಂದರು.

ಆದರೂ ಆಡಿಟರ ನಿಜವಾದ ಬಲ ಇರುವುದು ಪರ್ಸಿಪೊಲಿಸ್‌ನಲ್ಲಿ. ಪರ್ಷಿಯದ ಆ ವೈಭವದ ರಾಜನಗರಿಯನ್ನು ಕ್ರಿ.ಪೂ. 330ರಲ್ಲಿ ಅಲೆಕ್ಸಾಂಡರನ ಸೈನ್ಯ ಸುಟ್ಟಿತು. ಔತಣದ ಅಮಲಿನಲ್ಲಿ ಥಾಯಿಸ್ ಎಂಬ ಅಥೆನ್ಸಿನ ಹೆಣ್ಣು ಹುರಿದುಂಬಿಸಿದಳು, ರಾಜನೇ ಮೊದಲ ಪಂಜು ಎಸೆದ ಎಂದು ಒಂದು ಕಥೆ. ಇಲ್ಲ, ಹಿಂದೆ ಅಥೆನ್ಸ್ ಸುಟ್ಟದ್ದಕ್ಕೆ ಯೋಚಿಸಿ ಮಾಡಿದ ಪ್ರತೀಕಾರ, ನಿಮ್ಮದೇ ಆಸ್ತಿ ಸುಡಬೇಡಿ ಎಂದು ಹಿರಿಯ ಸೇನಾನಿ ಪಾರ್ಮೆನಿಯೊ ಬುದ್ಧಿ ಹೇಳಿದರೂ ಕೇಳಲಿಲ್ಲ ಎಂದು ಇತಿಹಾಸಕಾರ ಆರಿಯನ್ ಬರೆಯುತ್ತಾನೆ. ಪರ್ಷಿಯನ್ನರ ನಿಯಮದಂತೆ ಮರುದಿನ ಬೆಳಿಗ್ಗೆ ಎರಡನೆಯ ಸುತ್ತಿನ ಚರ್ಚೆ ಇಟ್ಟುಕೊಂಡಿದ್ದರೆ ಅರಮನೆ ಉಳಿಯುತ್ತಿತ್ತು.

ಪರ್ಷಿಯನ್ನರು ತಮ್ಮ ಹೆರೊಡೊಟಸನನ್ನು ಹೆತ್ತಿರಲಿಲ್ಲ. ಅವರ ಕಥೆಯನ್ನು ಶತ್ರುಗಳೇ ಹೇಳಬೇಕಾಯಿತು, ಶತ್ರುಗಳು ಹೇಗೆ ಹೇಳುತ್ತಾರೋ ಹಾಗೆ ಹೇಳಿದರು: ವಿಲಾಸಿಗಳು, ಗುಲಾಮರು, ಹೆಂಗರುಳಿನವರು, ಸಮುದ್ರಕ್ಕೆ 300 ಛಡಿಯೇಟು ಹೊಡೆಸುವ ಹುಚ್ಚು ರಾಜರು. ಹೀಗೆ ಸುಮಾರು 2,300 ವರ್ಷ ನಡೆಯಿತು. ಆಮೇಲೆ 1933-34ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದವರು ಪರ್ಸಿಪೊಲಿಸ್‌ನ ಕೋಟೆಗೋಡೆಯಲ್ಲಿ ಅಗೆದಾಗ ಸಾವಿರಾರು ಮಣ್ಣಿನ ಫಲಕಗಳು ಸಿಕ್ಕವು. ಮಹಾಕಾವ್ಯವಿರಬಹುದೇ, ರಾಜಶಾಸನವೇ? ಓದಿದರೆ ರಸೀದಿಗಳು! ಡೇರಿಯಸನ ಕಾಲದ ಪಡಿತರದ ಲೆಕ್ಕ. ಯಾವ ಕೂಲಿಗೆ ಎಷ್ಟು ಬಾರ್ಲಿ, ಮುದ್ರೆಪತ್ರ ಹಿಡಿದು ಬಂದ ಯಾವ ಪ್ರಯಾಣಿಕನಿಗೆ ಎಷ್ಟು ಹಿಟ್ಟು, ಸಿಂಧೂ ಪ್ರಾಂತದಿಂದ ಹೊರಟು ಸೂಸಕ್ಕೆ ಹೋಗುವವರಿಗೆ ದಾರಿಯಲ್ಲಿ ಏನು ಕೊಟ್ಟರು, ಎಲ್ಲಕ್ಕೂ ಮೊಹರು ಒತ್ತಿದ ದಾಖಲೆ. ರಾಜನ ಚಿಕ್ಕಪ್ಪ ಪರ್ನಕ್ಕ ಇಡೀ ಇಲಾಖೆಯ ಮೇಲಧಿಕಾರಿ. ಅವನಿಗೂ ದಿನಕ್ಕೆ ಎರಡು ಕುರಿ ಎಂದು ಗೊತ್ತುಪಡಿಸಿ ಬರೆದಿದ್ದಾರೆ. ಡೇರಿಯಸ್ ತನ್ನ ಹೆಂಡತಿ ಆರ್ಟಿಸ್ಟೋನಿಗೆ 100 ಕುರಿ, ಸುಮಾರು 2,000 ಲೀಟರ್ ದ್ರಾಕ್ಷಾರಸ ಕೊಡಿ ಎಂದಾಗಲೂ ಫಲಕ ಬರೆದೇ ಕೊಟ್ಟರು. ಹೆತ್ತ ಕೆಲಸಗಾರ್ತಿಯರಿಗೆ ಹೆಚ್ಚುವರಿ ಪಡಿ ಇತ್ತು. ಗಂಡು ಹೆತ್ತರೆ ಹೆಣ್ಣು ಹೆತ್ತವಳ ಎರಡರಷ್ಟು. ಆ ವಿಷಯದಲ್ಲಿ ಅವರು ನಮಗಿಂತ ಮುಂದಿರಲಿಲ್ಲ.

ಈ ರಾಶಿಯಲ್ಲಿ ಬಹುಪಾಲು ಈಲಮೈಟ್ ಭಾಷೆ. ಗ್ರೀಕ್ ಭಾಷೆಯಲ್ಲಿ ಬರೆದದ್ದು ಒಂದೇ ಒಂದು ಸಿಕ್ಕಿದೆ. ಪ್ಲೇಟೊನ ಪೂರ್ವಿಕರು ಪರ್ಷಿಯದ ರಾಜಧಾನಿಯಲ್ಲಿ ಏನು ಬರೆದಿಟ್ಟಿರಬಹುದು ಎಂದು ಮೇಷ್ಟ್ರು ಆಸೆಯಿಂದ ಕೇಳಿದರೆ ಆಡಿಟರು ಸಾವಧಾನವಾಗಿ ಹೇಳುತ್ತಾರೆ: ಇಂಥ ತಿಂಗಳಲ್ಲಿ ಎರಡು ಅಳತೆ ದ್ರಾಕ್ಷಾರಸ. ಅಷ್ಟೇ, ಮುಂದೆ ಏನೂ ಇಲ್ಲ. ಅಧ್ಯಯನಕ್ಕೆಂದು ಅಮೆರಿಕಕ್ಕೆ ಹೋದ ಈ ಫಲಕಗಳನ್ನು, ಇರಾನ್ ಸರ್ಕಾರದಿಂದ ಪರಿಹಾರ ಬರಬೇಕಾಗಿದ್ದ ಅಮೆರಿಕದ ಕೆಲವರು ಜಪ್ತಿ ಮಾಡಿಸಲು ಹೊರಟು, ಮೊಕದ್ದಮೆ ಅಲ್ಲಿನ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2018ರಲ್ಲಿ ಜಪ್ತಿ ಆಗದೆಂದು ತೀರ್ಪು ಬಂತು. ಎರಡೂವರೆ ಸಾವಿರ ವರ್ಷದ ಹಳೆಯ ಪಡಿತರದ ಚೀಟಿಗೂ ಸಾಲದ ಕಾಟ ತಪ್ಪಲಿಲ್ಲ.

ಇನ್ನು ಗೆದ್ದೆತ್ತಿನ ಬಾಲ ಹಿಡಿದವರ ವಿಷಯಕ್ಕೆ ಬರೋಣ. ಅಲೆಕ್ಸಾಂಡರ್ ಕ್ರಿ.ಪೂ. 323ರಲ್ಲಿ ಬ್ಯಾಬಿಲೋನಿನಲ್ಲಿ ಸತ್ತ. ಸತ್ತದ್ದೇ ತಡ, ಅಪ್ಪಂದಿರು ಸಾಲುಗಟ್ಟಿದರು. ಈಜಿಪ್ಟಿನಲ್ಲಿ ಹುಟ್ಟಿದ ಕಥೆಯಲ್ಲಿ ಅವನ ನಿಜವಾದ ತಂದೆ ಈಜಿಪ್ಟಿನ ಕೊನೆಯ ಸ್ಥಳೀಯ ದೊರೆ ನೆಕ್ಟನೆಬೊ. ಮಾಂತ್ರಿಕನಾಗಿ ಮ್ಯಾಸಿಡೋನಿಯಕ್ಕೆ ಹೋಗಿ ದೇವರ ವೇಷದಲ್ಲಿ ರಾಣಿಯನ್ನು ಕೂಡಿದನಂತೆ. ಪರ್ಷಿಯನ್ನರಂತೂ ಇನ್ನೂ ಸೊಗಸು. ಜರತುಷ್ಟ್ರನ ಧರ್ಮದ ಗ್ರಂಥಗಳಲ್ಲಿ ಆತ ಧರ್ಮಗ್ರಂಥ ಸುಟ್ಟ ಶಾಪಗ್ರಸ್ತ. ಅದೇ ನೆಲದ ಫಿರ್ದೌಸಿಯ ಶಾಹನಾಮೆಯಲ್ಲಿ ಆತ ಪರ್ಷಿಯದ ರಾಜಕುಮಾರ! ರಾಜ ದಾರಾಬ್ ಫಿಲಿಪ್ಪನ ಮಗಳನ್ನು ಮದುವೆಯಾದ, ಅವಳ ಬಾಯಿಯ ದುರ್ವಾಸನೆ ತಾಳಲಾರದೆ ತೌರಿಗೆ ಕಳಿಸಿದ, ಅಲ್ಲಿ ಅವಳು ಹೆತ್ತ ಮಗನೇ ಸಿಕಂದರ್. ಅಂದರೆ ಆತ ಪರ್ಷಿಯವನ್ನು ಗೆದ್ದದ್ದು ದಂಡಯಾತ್ರೆಯೇ ಅಲ್ಲ, ಅಣ್ಣತಮ್ಮಂದಿರ ಪಾಲುಪಟ್ಟಿ. ಸೋಲನ್ನು ಇಷ್ಟು ನಾಜೂಕಾಗಿ ಮನೆಯೊಳಗಿನ ವಿಷಯ ಮಾಡಿಕೊಂಡ ಜನರ ಮುಂದೆ ನಾನು ಕೈಮುಗಿಯುತ್ತೇನೆ. ದೂರದ ಮಲಯ ಸುಲ್ತಾನರೂ ತಾವು ಅವನ ವಂಶದವರೆಂದು ಬರೆಸಿಕೊಂಡರು. ನಮ್ಮ ವಿಜಯಪುರದ ಆದಿಲ್‌ಶಾಹಿಯ ಕೊನೆಯ ಸುಲ್ತಾನನ ಹೆಸರು ಸಿಕಂದರ್. ಎಳೆಯ ವಯಸ್ಸಿನಲ್ಲಿ ಪಟ್ಟಕ್ಕೆ ಬಂದ ಆತ 1686ರಲ್ಲಿ ರಾಜ್ಯವನ್ನು ಔರಂಗಜೇಬನಿಗೆ ಒಪ್ಪಿಸಿದ. ಹೆಸರು ಒಂದೇ ಸಾಲುವುದಿಲ್ಲ.

ಈಚಿನ ಬಾಲಗ್ರಾಹಿಗಳು ಆಧುನಿಕ ರಾಷ್ಟ್ರಗಳು. 1991ರಲ್ಲಿ ಯುಗೊಸ್ಲಾವಿಯದಿಂದ ಬೇರೆಯಾದ ದೇಶವೊಂದು ಮ್ಯಾಸಿಡೋನಿಯ ಎಂದು ಹೆಸರಿಟ್ಟುಕೊಂಡಿತು. ಗ್ರೀಸ್ ಕೆರಳಿತು: ಆ ಹೆಸರಿನ ಪ್ರಾಂತ ನಮ್ಮಲ್ಲಿದೆ, ಪೆಲ್ಲವೂ ಫಿಲಿಪ್ಪನದೆನ್ನುವ ಗೋರಿಯೂ ನಮ್ಮಲ್ಲಿವೆ, ನಿಮ್ಮ ಸ್ಲಾವ್ ಪೂರ್ವಜರು ಬಂದದ್ದೇ ಸಾವಿರ ವರ್ಷದ ಮೇಲೆ. ಬಾವುಟದ ಸೂರ್ಯನ ಮೇಲೆ ಜಗಳವಾಯಿತು, ವ್ಯಾಪಾರ ನಿಂತಿತು. ಈ ಕಡೆ ಥೆಸ್ಸಲೊನಿಕಿಯ ವಿಮಾನ ನಿಲ್ದಾಣ ‘ಮ್ಯಾಸಿಡೋನಿಯ’, ಆ ಕಡೆ ಹೊಸ ದೇಶದ ರಾಜಧಾನಿ ಸ್ಕೋಪ್ಯೆಯ ನಿಲ್ದಾಣ 2018ರವರೆಗೆ ‘ಮಹಾ ಅಲೆಕ್ಸಾಂಡರ್’ ಆಗಿತ್ತು. 2009ರಲ್ಲಿ ಇನ್ನೂರಕ್ಕೂ ಹೆಚ್ಚು ವಿದ್ವಾಂಸರು, ಅಲೆಕ್ಸಾಂಡರ್ ಗ್ರೀಕನೇ ಎಂದು ಅಮೆರಿಕದ ಅಧ್ಯಕ್ಷ ಒಬಾಮರಿಗೆ ಪತ್ರ ಬರೆದರು. ಈ ಹುದ್ದೆಯ ಕರ್ತವ್ಯಗಳಲ್ಲಿ ಇದೂ ಸೇರಿದೆಯೆಂದು ಅವರಿಗೆ ಅಂದೇ ತಿಳಿದಿರಬೇಕು. 2011ರಲ್ಲಿ ಸ್ಕೋಪ್ಯೆಯ ಚೌಕದಲ್ಲಿ ಪೀಠವೂ ಸೇರಿ ಇಪ್ಪತ್ತು ಮೀಟರಿಗೂ ಎತ್ತರದ ಕಂಚಿನ ಸವಾರ ಎದ್ದು ನಿಂತ. ಜಗಳಕ್ಕೆ ಹೆದರಿ ಅವನ ಅಧಿಕೃತ ಹೆಸರು ‘ಕುದುರೆಯ ಮೇಲಿನ ಯೋಧ’ ಎಂದಿಟ್ಟರು. ಜಗತ್ತನ್ನೇ ಗೆದ್ದವನಿಗೆ ಹೆಸರು ಹೇಳಿಕೊಳ್ಳುವ ಧೈರ್ಯವಿಲ್ಲ! ಕೊನೆಗೆ 2018ರ ಪ್ರೆಸ್ಪಾ ಒಪ್ಪಂದದಂತೆ ಆ ದೇಶ ಉತ್ತರ ಮ್ಯಾಸಿಡೋನಿಯವಾಯಿತು. ನನ್ನ ಮಟ್ಟಿಗೆ ಇದೊಂದು ಉತ್ತಮ ರಾಜಿ. ದಿಕ್ಕೊಂದನ್ನು ಸೇರಿಸಿ ಇಪ್ಪತ್ತೇಳು ವರ್ಷದ ಜಗಳ ಮುಗಿಸಿದವರು ಬುದ್ಧಿವಂತರೇ.

ಕನ್ನಡಿಗರೂ ಈ ಕಟಕಟೆ ಹತ್ತಿದ್ದುಂಟು. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಗ್ರೀಕ್ ಪ್ರಹಸನವೊಂದಿದೆ. ಭಾರತದ ಕಡಲತೀರದಲ್ಲಿ ಸೆರೆಸಿಕ್ಕ ಖರಿಟಿಯೋನ್ ಎಂಬ ಗ್ರೀಕ್ ಹೆಣ್ಣನ್ನು ಬಿಡಿಸಿಕೊಂಡು ಹೋಗುವ ಕಥೆ. ಉಪಾಯ ಏನೆಂದರೆ, ಅಲ್ಲಿನ ರಾಜನಿಗೂ ಪರಿವಾರಕ್ಕೂ ನೀರು ಬೆರೆಸದ ದ್ರಾಕ್ಷಾರಸ ಕುಡಿಸಿ ಬೀಳಿಸುವುದು. ವಿದೂಷಕನ ಅಸ್ತ್ರ ಇನ್ನೊಂದಿದೆ. ಅದು ವಾಯವ್ಯಾಸ್ತ್ರ ಎಂದರೆ ಸಾಕು. ಭಾರತೀಯರ ಬಾಯಲ್ಲಿ ಬರುವ ವಿಚಿತ್ರ ಮಾತುಗಳು ಕನ್ನಡವೆಂದು 1904ರಲ್ಲಿ ಜರ್ಮನ್ ವಿದ್ವಾಂಸ ಹುಲ್ಟ್ಷ್ ಸೂಚಿಸಿದರು; ಆರ್. ಶಾಮಶಾಸ್ತ್ರಿಗಳೂ ಗೋವಿಂದ ಪೈಗಳೂ ಕನ್ನಡದ ಪರ ವಾದಿಸಿದರು. ಅರ್ಥವಿಲ್ಲದ ಬಡಬಡಿಕೆ ಎನ್ನುವ ವಿದ್ವಾಂಸರೂ ಇದ್ದಾರೆ. ಗ್ರೀಕರ ಕಣ್ಣಿಗೆ ನೀರು ಬೆರೆಸದೆ ಕುಡಿಯುವ ಬರ್ಬರರ ಸಾಲಿನಲ್ಲಿ ಮ್ಯಾಸಿಡೋನಿಯನ್ನರ ಪಕ್ಕದಲ್ಲೇ ನಮಗೂ ಒಂದು ಮಣೆ ಹಾಕಿದ್ದರೆಂದು ತಿಳಿದ ಮೇಲೆ ನನ್ನ ಕಕ್ಷಿದಾರನ ಮೇಲೆ ನನಗೆ ಅಭಿಮಾನ ಇಮ್ಮಡಿಯಾಯಿತು.

ಅಭಿಮಾನವೇನೋ ಸರಿ. ಆದರೆ ತೀರ್ಪು ಬರೆಯಲು ಕೂತರೆ ನನ್ನ ಓಟು ಆಡಿಟರ ಗುಮಾಸ್ತರಿಗೇ ಬೀಳುತ್ತದೆ. ಅಲೆಕ್ಸಾಂಡರನ ಸೈನ್ಯ ಕ್ರಿ.ಪೂ. 326ರಲ್ಲಿ ಬಿಯಾಸ್ ನದಿಯ ದಡದಲ್ಲಿ, ಇನ್ನು ಒಂದು ಹೆಜ್ಜೆಯೂ ಮುಂದಿಡೆವು ಎಂದು ಮುಷ್ಕರ ಹೂಡಿ ವಾಪಸಾಯಿತು. ಪರ್ಷಿಯದ ಕಚೇರಿಯವರು ಮಾತ್ರ ತಮ್ಮ ಸಾಮ್ರಾಜ್ಯ ಬೂದಿಯಾದ ಮೇಲೂ ನಡೆಯುತ್ತಲೇ ಇದ್ದರು. ಅವರು ಗಾಂಧಾರದಲ್ಲಿ ಕಡತ ಬರೆಯುತ್ತಿದ್ದ ಅರಮೇಯಿಕ್ ಲಿಪಿಯಿಂದ ಖರೋಷ್ಠಿ ಹುಟ್ಟಿತೆಂಬುದು ಲಿಪಿತಜ್ಞರ ಸಾಮಾನ್ಯ ಅಭಿಪ್ರಾಯ. ಕಂದಹಾರದಲ್ಲಿ ಅಶೋಕ ತನ್ನ ಧರ್ಮಾಜ್ಞೆಯನ್ನು ಗ್ರೀಕ್ ಮತ್ತು ಅರಮೇಯಿಕ್ ಎರಡರಲ್ಲೂ ಕೊರೆಸಿ, ಬಡಿದಾಡಿದ್ದ ಎರಡೂ ಮನೆಯವರನ್ನು ಒಂದೇ ಬಂಡೆಯ ಮೇಲೆ ಕೂರಿಸಿದ. ಅದೇ ಅಶೋಕನ ಆಜ್ಞೆಯನ್ನು ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿಯಲ್ಲಿ ಬರೆದವನು ಚಪಡ ಎಂಬ ಲಿಪಿಕಾರ. ಶಾಸನವನ್ನೆಲ್ಲ ಊರಿನವರಿಗಾಗಿ ಬ್ರಾಹ್ಮಿಯಲ್ಲಿ ಬರೆದು, ಕೊನೆಗೆ ತನ್ನ ಹೆಸರಿನ ಜೊತೆ ‘ಲಿಪಿಕರೇಣ’ ಎಂಬುದನ್ನು ಮಾತ್ರ ಖರೋಷ್ಠಿಯಲ್ಲಿ ಹಾಕಿದ. ಅಲ್ಲಿ ಅದನ್ನು ಓದಬಲ್ಲವರು ಇನ್ನೊಬ್ಬರಿದ್ದಿರಲಾರರು. ತನಗೆ ಎರಡು ಲಿಪಿ ಬರುತ್ತದೆಂದು ತೋರಿಸಿಕೊಳ್ಳದಿದ್ದರೆ ಆತ ಗುಮಾಸ್ತನೇ ಅಲ್ಲ.

ಆ ಕಡೆ ಹೋಗುವವರಿದ್ದರೆ ಬ್ರಹ್ಮಗಿರಿಯ ಬಂಡೆಯ ಕೊನೆಯ ಐದು ಅಕ್ಷರ ನೋಡಿ ಬನ್ನಿ. ಅವನ್ನು ಬಲದಿಂದ ಎಡಕ್ಕೆ ಓದಬೇಕು.